ಮಗ್ಗದ ಲೆಕ್ಕದಲ್ಲಿ ಅಪ್ಪನ ಪಾದ

ಅಪ್ಪನ ಅಂಗಾಲಿನಲ್ಲಿ ಗಾಯವಾಗಿದೆ ಎಂಬುದು ಮೊದಲು ಗೊತ್ತಾದದ್ದು ಅವ್ವನಿಗೆ, ಅದೂ ನೆಲ ಒರೆಸುವಾಗ. ಕುಣಿಮಗ್ಗದಿಂದ ಬಚ್ಚಲಿನವರೆಗೆ ಹೆಜ್ಜೆ ಬಿಟ್ಟು ಹೆಜ್ಜೆಗೆ ಒಂದೊಂದು ಕಂದು ಕಲೆ. ‘ಕಾಲಿಗೆ ಏನೋ ಚುಚ್ಚಿದೆ, ನೋಡಿಕೊಳ್ಳಿ’ ಎಂದಳಂತೆ. ಅಪ್ಪ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೋಡಿ, ‘ನೋವೇ ಇಲ್ಲವಲ್ಲ’ ಎಂದು ಮತ್ತೆ ಮಗ್ಗಕ್ಕೆ ಇಳಿದನಂತೆ. ನೋವಿಲ್ಲದ್ದೇ ಕಾಯಿಲೆ ಎಂದು ಹೇಳಲು ಆಗ ನಾನು ಅಲ್ಲಿರಲಿಲ್ಲ.

ಅದು 2023ರ ಆಗಸ್ಟ್ ತಿಂಗಳ ಕೊನೆ. ನನಗೆ ಗೊತ್ತಾದದ್ದು ದಸರೆಗೆ ಊರಿಗೆ ಹೋದಾಗ, ಏಳು ವಾರ ಕಳೆದ ಮೇಲೆ. ನಾನು ಬಾಗಲಕೋಟೆಯ ನವನಗರದ ಆಸ್ಪತ್ರೆಯೊಂದರಲ್ಲಿ 22 ವರ್ಷದಿಂದ ನರ್ಸ್ ಆಗಿದ್ದೇನೆ, ಅದರಲ್ಲಿ ಅರ್ಧ ಕಾಲ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ. ಅಪ್ಪ ಅವ್ವ ಇರುವ ಗುಳೇದಗುಡ್ಡಕ್ಕೂ ನನ್ನ ಮನೆಗೂ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ‘ನಿನಗೆ ರಾತ್ರಿ ಪಾಳಿ ಇರುತ್ತದೆ, ಇಷ್ಟಕ್ಕೆಲ್ಲ ಯಾಕೆ ಕರೆಯುವುದು’ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ದಿನಕ್ಕೆ ಹತ್ತಾರು ಜನರ ಗಾಯ ಕಟ್ಟುವವಳ ತಂದೆ, ಊರಿನ ಚಿಕ್ಕ ದವಾಖಾನೆಯೊಂದಕ್ಕೆ ದಿನಾ ಆಟೊ ಮಾಡಿಕೊಂಡು ಹೋಗಿ ಕಾಲು ಕಟ್ಟಿಸಿಕೊಂಡು ಬರುತ್ತಿದ್ದ.

ಅಪ್ಪ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವವನು. ಮಾಲಕರು ನೂಲು, ರೇಷ್ಮೆ ಕೊಡುತ್ತಾರೆ, ಇವನು ನೇಯ್ದು ಕೊಟ್ಟು ಕೂಲಿ ಪಡೆಯುತ್ತಾನೆ. ಐವತ್ತು ವರ್ಷದಿಂದ ಒಂದೇ ಕುಣಿ, ಒಂದೇ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಬರಿಗಾಲಿನಿಂದ ಹಲಗೆ ತುಳಿಯಬೇಕು. ಹೆಬ್ಬೆರಳಿನ ಬುಡದ ಉಬ್ಬು ಹಲಗೆಯ ಅಂಚಿಗೆ ಬಡಿಯುತ್ತದೆ, ದಿನಕ್ಕೆ ಸಾವಿರಾರು ಸಲ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಆ ಜಾಗದ ಸ್ಪರ್ಶವನ್ನು ಯಾವಾಗಲೋ ತೆಗೆದುಕೊಂಡು ಹೋಗಿತ್ತು. ಗಾಯ ಇದ್ದದ್ದು ಸರಿಯಾಗಿ ಅಲ್ಲಿಯೇ.

ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಒಣ ಗಾಜ್ ಗಾಯದ ತಳಕ್ಕೆ ಅಂಟಿಕೊಂಡಿತ್ತು, ಬಿಡಿಸಿದರೆ ರಕ್ತ. ಸುತ್ತಲೂ ಜಡ್ಡುಗಟ್ಟಿದ ಬಿಳಿ ಚರ್ಮ. ದಿನಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆ ಬಂದ ಮೇಲೆ ಪುಡಿ ಉದುರಿಸಿ, ಒಣ ಗಾಜ್ ಇಟ್ಟು ಕಟ್ಟುತ್ತಿದ್ದರಂತೆ. ನೊರೆ ಕಂಡರೆ ಹೊಲಸು ಹೋಗುತ್ತಿದೆ ಎಂದು ನೋಡುವವರಿಗೆ ಸಮಾಧಾನ. ಆದರೆ ಅದು ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ. ಅಂಟಿದ ಗಾಜ್ ಕಿತ್ತಾಗಲೆಲ್ಲ ಹಿಂದಿನ ದಿನ ಬೆಳೆದದ್ದು ಅದರ ಜೊತೆಗೇ ಬರುತ್ತದೆ. ಗಾಯ ಒಣಗಿದರೆ ಮಾಯುತ್ತದೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಹದವಾಗಿ ತೇವವಿರುವ ಗಾಯದ ಮೇಲೆ ಹೊಸ ಚರ್ಮ ಎರಡು ಪಟ್ಟು ಬೇಗ ಹರಡುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು 1962ರಲ್ಲಿ. ಅರವತ್ತು ವರ್ಷವಾದರೂ ಆ ಸುದ್ದಿ ನಮ್ಮ ಓಣಿಗೆ ತಲುಪಿಲ್ಲ.

ನನಗೆ ಬಂದ ಸಿಟ್ಟನ್ನು ನೋಡಿ ಅಪ್ಪ ಗೂಡಿನಿಂದ ತನ್ನ ಲೆಕ್ಕದ ಪುಸ್ತಕ ತೆಗೆದ. ಎಷ್ಟು ಖಣ ಇಳಿಯಿತು, ಎಷ್ಟು ಕೂಲಿ ಬಂತು, ಯಾವ ದಿನ ನೂಲು ಬರಲಿಲ್ಲ, ಎಲ್ಲವನ್ನೂ ಬರೆದಿಡುವವನು ಅವನು. ಅದರ ಹಿಂದಿನ ಹಾಳೆಗಳಲ್ಲಿ ‘ಕಾಲು’ ಎಂಬ ತಲೆಬರಹದ ಕೆಳಗೆ ಎಲ್ಲವೂ ಇತ್ತು. ಕಟ್ಟುವುದಕ್ಕೆ 80 ರೂಪಾಯಿ, ಆಟೊಕ್ಕೆ ಹೋಗಿ ಬರಲು 40. 49 ದಿನಕ್ಕೆ 5,880. ಮೂರು ಸಲ ಬರೆದುಕೊಟ್ಟ ಮಾತ್ರೆಗಳಿಗೆ 1,940. ದಿನದ ಕೂಲಿ ಸುಮಾರು 250 ಬೀಳುತ್ತಿತ್ತು, ದವಾಖಾನೆಯ ಸರದಿಯಲ್ಲಿ ಅರ್ಧ ದಿನ ಹೋಗುತ್ತಿದ್ದುದರಿಂದ ಕಳೆದ ಕೂಲಿ 6,125. ಒಟ್ಟು 13,945.

ನಾನು ನಾಚಿದೆ. ವಾರ್ಡಿಗೆ ಎಷ್ಟು ಗಾಜ್, ಎಷ್ಟು ಹತ್ತಿ ಬೇಕೆಂದು ಇಂಡೆಂಟ್ ಬರೆದು ಕಳಿಸುವವಳು ನಾನು. ಒಂದು ಡ್ರೆಸ್ಸಿಂಗ್‌ಗೆ ಆಸ್ಪತ್ರೆಗೆ ಎಷ್ಟು ತಗಲುತ್ತದೆ ಎಂದು ಕೇಳಿದರೆ ಹೇಳಬಲ್ಲೆ. ಅದೇ ಡ್ರೆಸ್ಸಿಂಗ್‌ಗಾಗಿ ಬಾದಾಮಿಯಿಂದಲೋ ಹುನಗುಂದದಿಂದಲೋ ಬಂದವನಿಗೆ ಎಷ್ಟು ತಗಲಿತು ಎಂದು ಒಮ್ಮೆಯೂ ಕೇಳಿದವಳಲ್ಲ. ‘ನಾಳೆ ಬನ್ನಿ’ ಎನ್ನುವುದು ನಮಗೆ ಎರಡೇ ಶಬ್ದ. ಯುರೋಪಿನಲ್ಲಿ ಹಳೆಯ ಗಾಯಗಳ ಖರ್ಚನ್ನು ಲೆಕ್ಕ ಹಾಕಿದವರು ಗಾಯದ ಮೇಲಿಡುವ ಪಟ್ಟಿ, ಸ್ಪಂಜಿನಂಥ ಫೋಮ್‌ಗಳ ಬೆಲೆ ಒಟ್ಟು ಖರ್ಚಿನ ಐದನೇ ಒಂದು ಭಾಗದ ಆಸುಪಾಸು ಮಾತ್ರ, ಉಳಿದದ್ದು ನರ್ಸುಗಳ ಸಮಯ ಮತ್ತು ಆಸ್ಪತ್ರೆಯ ಹಾಸಿಗೆ ಎನ್ನುತ್ತಾರೆ. ಅಲ್ಲಿ ನರ್ಸಿನ ಗಂಟೆ ದುಬಾರಿ, ಹಾಗಾಗಿ ಮೂರು ದಿನ ತಾಳುವ ದುಬಾರಿ ಪಟ್ಟಿಯೇ ಅಗ್ಗ. ಇಲ್ಲಿ ನನ್ನ ಗಂಟೆಗೆ ಅಂಥ ಬೆಲೆಯಿಲ್ಲ. ದುಬಾರಿ ಇರುವುದು ಬರುವವರ ದಿನ, ಮತ್ತು ಅದನ್ನು ಯಾವ ಬಿಲ್ಲೂ ತೋರಿಸುವುದಿಲ್ಲ.

ಇಷ್ಟು ಹೊಳೆದ ಮೇಲೂ ನಾನು ಮಾಡಿದ್ದು ಮತ್ತೊಂದು ತಪ್ಪು.

ಮೊದಲಿಗೆ ಮಾಡಬೇಕಾದ್ದನ್ನು ಮಾಡಿದೆ. ಅಪ್ಪನನ್ನು ನಮ್ಮ ಆಸ್ಪತ್ರೆಗೆ ಕರೆತಂದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಕಡೆ ಒತ್ತಿ ನೋಡಿದರು. ನೂಲಿನ ದಪ್ಪವನ್ನು ಬೆರಳಲ್ಲೇ ಹೇಳುವ ಅಪ್ಪನಿಗೆ ಅಂಗಾಲಿನ ಮೇಲೆ ಆ ಎಳೆ ತಿಳಿಯಲೇ ಇಲ್ಲ. ಪಾದದ ನಾಡಿ ಚೆನ್ನಾಗಿ ಸಿಕ್ಕಿತು. ಸಲಾಕೆ ಹಾಕಿ ನೋಡಿದಾಗ ಎಲುಬು ತಾಕಲಿಲ್ಲ, ಎಕ್ಸ್‌ರೇಯಲ್ಲೂ ಎಲುಬು ಸರಿಯಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ 9.8, ಬಹಳ ಹೆಚ್ಚು. ಮಾತ್ರೆ ಬದಲಾಯಿತು. ಸುತ್ತಲಿನ ಜಡ್ಡನ್ನು ಕತ್ತರಿಸಿ ತೆಗೆದರು. ತೆಗೆದ ಮೇಲೆ ಗಾಯ ಇನ್ನೂ ದೊಡ್ಡದಾಗಿ ಕಂಡು ಅವ್ವ ಮುಖ ತಿರುಗಿಸಿದಳು.

ಆಮೇಲೆ ನಾನು ಔಷಧದ ಅಂಗಡಿಗೆ ಹೋಗಿ ಬೆಳ್ಳಿಯ ಅಂಶವಿರುವ ಡ್ರೆಸ್ಸಿಂಗ್ ತಂದೆ. ಒಂದಕ್ಕೆ 650 ರೂಪಾಯಿ. ಮಗಳಾಗಿ ಒಳ್ಳೆಯದನ್ನೇ ಕೊಡಬೇಕು ಎಂಬ ಹಟ. ಬೆಳ್ಳಿ ಇರುವುದು ಸೋಂಕಿಗೆ, ಅಪ್ಪನ ಗಾಯದಲ್ಲಿ ಸೋಂಕಿನ ಲಕ್ಷಣವೇ ಇರಲಿಲ್ಲ. ಕೀವಿಲ್ಲ, ಕೆಂಪಿಲ್ಲ, ಬಿಸಿಯಿಲ್ಲ. ಬೇರೆ ಯಾರಾದರೂ ಹೀಗೆ ತಂದಿದ್ದರೆ ನಾನೇ ಬೈಯುತ್ತಿದ್ದೆ. ಮೂರು ಬೆಳ್ಳಿಯ ಪಟ್ಟಿ ಮುಗಿದ ಮೇಲೆ ಬುದ್ಧಿ ಬಂದು 260 ರೂಪಾಯಿಯ ಸಾದಾ ಫೋಮ್‌ಗೆ ಬದಲಾಯಿಸಿದೆ.

ಅವ್ವನಿಗೆ ಕಟ್ಟುವುದನ್ನು ಕಲಿಸಿದೆ. ಸಾಬೂನಿನಿಂದ ಕೈ ತೊಳೆಯುವುದು, 0.9 ಶೇಕಡಾ ಸಲೈನಿನಿಂದ ಗಾಯ ತೊಳೆಯುವುದು, ಸುತ್ತಲಿನ ಚರ್ಮ ಒರೆಸುವುದು, ಫೋಮ್ ಇಟ್ಟು ಅಂಟಿಸಿ ಮೇಲೆ ತಾರೀಖು ಬರೆಯುವುದು. ವಾರಕ್ಕೆ ಎರಡು ಸಲ ಸಾಕು. ‘ದಿನಾ ತೆಗೆದು ನೋಡದಿದ್ದರೆ ಒಳಗೆ ಕೊಳೆಯುವುದಿಲ್ಲವೇ?’ ಎಂಬ ಅವಳ ಹೆದರಿಕೆ ಹೋಗಲು ಎರಡು ವಾರ ಹಿಡಿಯಿತು. ಅಪ್ಪನದು ಬೇರೆ ತಕರಾರು. ಅಂಗೈಯಗಲದ ಫೋಮ್ ಯಾಕೆ, ಅರ್ಧ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳೋಣ ಎಂದ. ತುಂಡು ಎಳೆಯನ್ನೂ ಎಸೆಯದ ಮನೆ ಅದು. ಒಮ್ಮೆ ಪೊಟ್ಟಣ ಒಡೆದರೆ ಮುಗಿಯಿತು, ಉಳಿದದ್ದು ಶುದ್ಧವಲ್ಲ ಎಂದು ನಾನು. ‘ನಿಮ್ಮದು ಸಾಹುಕಾರರ ಮಡಿ’ ಎಂದು ಅವನು. ಆ ಜಗಳದಲ್ಲಿ ನಾನು ಗೆದ್ದೆ.

ಗಾಯವನ್ನು ಅಳೆಯುವುದು ಮಾತ್ರ ಅಪ್ಪನಿಗೆ ಬಹಳ ಹಿಡಿಸಿತು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಗಾಯದ ಅಂಚನ್ನು ಪೆನ್ನಿನಿಂದ ಗುರುತಿಸಿ, ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಬೇಕು. ಖಣದ ಮೇಲಿನ ತೇರು, ಹೂವುಗಳ ವಿನ್ಯಾಸವನ್ನು ಗ್ರಾಫಿನಲ್ಲೇ ಬಿಡಿಸಿ ಎಣಿಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲ ದಿನ 390 ಚಿಕ್ಕ ಚೌಕ, ಅಂದರೆ ಸುಮಾರು ನಾಲ್ಕು ಚದರ ಸೆಂಟಿಮೀಟರ್. ನಾಲ್ಕು ವಾರದಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯ ದಾರಿಯನ್ನೇ ಮತ್ತೆ ಯೋಚಿಸಬೇಕು ಎಂಬುದು ಈ ಕೆಲಸದಲ್ಲಿ ಎಲ್ಲರೂ ಪಾಲಿಸುವ ಅಳತೆಗೋಲು. ನಾಲ್ಕು ವಾರವಾದಾಗ ದೀಪಾವಳಿ ಬಂದಿತ್ತು. ಅಪ್ಪ ಎಣಿಸಿದ. 370.

‘ಇಪ್ಪತ್ತು ಚೌಕಕ್ಕೆ 3,700 ರೂಪಾಯಿ’ ಎಂದ. ಸಲೈನು, ಟೇಪು, ಬೆಳ್ಳಿ, ಫೋಮ್ ಎಲ್ಲ ಕೂಡಿ ಅಷ್ಟಾಗಿತ್ತು. ಜೊತೆಗೆ ದಿನಾ ಅರ್ಧ ದಿನದಂತೆ ಕೂಲಿ 3,500 ಹೋಗಿತ್ತು. ನಾನು ‘ಅರ್ಧ ದಿನ ಯಾಕೆ, ಪೂರ್ತಿ ವಿಶ್ರಾಂತಿ ಹೇಳಿದ್ದೆನಲ್ಲ’ ಎಂದೆ. ಅವನು ಮಾತಾಡಲಿಲ್ಲ. ಅವ್ವ ಮಾತಾಡಿದಳು. ದೀಪಾವಳಿಯ ಮಾಲು ಮುಗಿಸಬೇಕೆಂದು ದಿನಾ ಬೆಳಗ್ಗೆ ಮಗ್ಗಕ್ಕೆ ಇಳಿಯುತ್ತಿದ್ದನಂತೆ. ನನ್ನ ಫೋನ್ ಬಂದಾಗ ಮಗ್ಗದ ಸಪ್ಪಳ ಕೇಳದಿರಲಿ ಎಂದು ಲಾಳಿ ಹಿಡಿದುಕೊಂಡು ಸುಮ್ಮನೆ ಕೂಡುತ್ತಿದ್ದನಂತೆ.

ಸಿಟ್ಟು ಬಂತು, ಆದರೆ ಅವನ ಮೇಲೆ ಪೂರ್ತಿ ಹಾಕಲಾಗಲಿಲ್ಲ. ಆ ದವಾಖಾನೆಯವರೂ ನಾನೂ ಮಾಡಿದ್ದು ಒಂದೇ ಕೆಲಸ: ಗಾಯದ ಮೇಲೆ ಏನಿಡಬೇಕು ಎಂದು ಯೋಚಿಸಿದ್ದು. ಅವರು 80 ರೂಪಾಯಿಗೆ ಯೋಚಿಸಿದರು, ನಾನು 650ಕ್ಕೆ. ಕೆಳಗಿನಿಂದ ಹಲಗೆ ಬಡಿಯುತ್ತಲೇ ಇತ್ತು. ಅಪ್ಪನಿಗೆ ಅವನದೇ ಮಾತಿನಲ್ಲಿ ಹೇಳಿದೆ: ಹಾಸಿನ ಎಳೆ ಕಡಿಯುತ್ತಿರುವಾಗ ಹೊಕ್ಕಿಗೆ ಎಷ್ಟು ಚಂದದ ರೇಷ್ಮೆ ಹಾಕಿದರೇನು? ಅವನು ತಲೆಯಾಡಿಸಿದ.

ಪಕ್ಕದ ಮನೆಯವರು ಬಂದು ಬೇರೆ ಸಲಹೆ ಕೊಟ್ಟರು. ‘ಕಾಕಾ, ಬೆರಳು ತೆಗೆಸಿಬಿಡಿ. ಕಾರ್ಡ್ ಇದೆಯಲ್ಲ, ಒಂದು ಪೈಸೆ ಖರ್ಚಿಲ್ಲ.’ ತಮಾಷೆಯೆಂದರೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಕಾಲು ಕೊಳೆತು ಕತ್ತರಿಸುವ ಹಂತಕ್ಕೆ ಬಂದರೆ ಕಾರ್ಡ್ ನಡೆಯುತ್ತದೆ. ಕೊಳೆಯದಂತೆ ಮನೆಯಲ್ಲಿ ಕಟ್ಟಿಕೊಳ್ಳುವ ಫೋಮಿಗೆ ನಡೆಯುವುದಿಲ್ಲ. ನನ್ನ ವಾರ್ಡಿನಲ್ಲಿ ಮುಂಗಾಲು ತೆಗೆಸಿಕೊಂಡವರಲ್ಲಿ ಎಷ್ಟು ಜನ ಈ ಲೆಕ್ಕದಿಂದಲೇ ಅಲ್ಲಿಗೆ ಬಂದರೋ ಎಂದು ಈಗ ಅನಿಸುತ್ತದೆ. ಅಪ್ಪ ಮಾತ್ರ ಆ ಸಲಹೆಯನ್ನು ಒಂದೇ ಪ್ರಶ್ನೆಯಲ್ಲಿ ಮುಗಿಸಿದ: ‘ಬೆರಳಿಲ್ಲದ ಕಾಲಿನಿಂದ ಹಲಗೆ ಯಾರು ತುಳಿಯುತ್ತಾರೆ?’

ದೀಪಾವಳಿ ಮುಗಿದ ವಾರ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿದೆವು. ಮುರಿದ ಎಲುಬಿಗೆ ಹಾಕುವಂಥದ್ದೇ, ಆದರೆ ಒಳಗಿನ ಹತ್ತಿ ಬಹಳ ತೆಳುವಾಗಿದ್ದು ಕಾಲಿನ ಆಕಾರಕ್ಕೆ ಅಚ್ಚಿನಂತೆ ಕೂಡುತ್ತದೆ. ಪ್ಲಾಸ್ಟರ್ ಹೀಗೆ ಕೂತಾಗ ಮೈಭಾರ ಒಂದೇ ಬಿಂದುವಿನ ಮೇಲೆ ಬೀಳದೆ ಇಡೀ ಅಂಗಾಲಿಗೂ ಕಣಕಾಲಿಗೂ ಹಂಚಿಹೋಗುತ್ತದೆ. ಇದರ ಹಿಂದಿನ ತಿಳಿವಳಿಕೆಯ ಬಹುಪಾಲು ನಮ್ಮ ದೇಶದ ಕುಷ್ಠರೋಗಿಗಳ ಪಾದಗಳಿಂದ ಬಂದದ್ದು. ವೆಲ್ಲೂರಿನಲ್ಲಿದ್ದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದದ ಹುಣ್ಣು ಮಾಂಸ ಕೊಳೆತು ಆಗುವುದಲ್ಲ, ನೋವು ತಿಳಿಯದ ಪಾದದ ಮೇಲೆ ಒತ್ತಡ ಬಿದ್ದು ಆಗುವುದು ಎಂದು ತೋರಿಸಿದರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಮಾತು ಒಪ್ಪುತ್ತದೆ. ರಕ್ತ ಓಡಾಟ ಕಡಿಮೆಯಿದ್ದರೆ, ಸೋಂಕಿದ್ದರೆ ಇದನ್ನು ಹಾಕಬಾರದು. ಅದಕ್ಕೇ ಮೊದಲಿನ ಪರೀಕ್ಷೆಗಳೆಲ್ಲ ಬೇಕಾದದ್ದು. ಈ ಪ್ಲಾಸ್ಟರಿನ ದೊಡ್ಡ ಗುಣವೆಂದರೆ ಅದನ್ನು ಬಿಚ್ಚಿಟ್ಟು ಮಗ್ಗಕ್ಕೆ ಇಳಿಯಲಾಗುವುದಿಲ್ಲ.

ಮೂರು ದಿನಕ್ಕೆ ಮೊದಲ ಸಲ ಬದಲಾಯಿಸಿದರು, ಆಮೇಲೆ ವಾರಕ್ಕೊಮ್ಮೆ. ಒಟ್ಟು ಏಳು ಪ್ಲಾಸ್ಟರ್. ಒಂದೊಂದಕ್ಕೂ ಪ್ಲಾಸ್ಟರ್, ಹತ್ತಿ ಸೇರಿ 520, ಫೋಮ್ 260, ಆಸ್ಪತ್ರೆಯ ಶುಲ್ಕ 200. ಕೊನೆಗೆ ಬಿಚ್ಚಿದ ದಿನ ಶುಲ್ಕ ಮಾತ್ರ. ಎಂಟು ಸಲದ ಓಡಾಟಕ್ಕೆ ಎರಡು ಸಾವಿರ. ಶಕ್ತಿ ಯೋಜನೆಯಿಂದಾಗಿ ಅವ್ವನ ಟಿಕೆಟ್ ಉಚಿತ, ಅಪ್ಪನದಕ್ಕೆ ದುಡ್ಡು. ‘ಕಾಲು ನನ್ನದಾಗಿದ್ದರೆ ಎಷ್ಟು ಉಳಿಯುತ್ತಿತ್ತು’ ಎಂದು ಅವ್ವ ನಗುತ್ತಿದ್ದಳು. ಎರಡನೆಯ ಪ್ಲಾಸ್ಟರಿನ ಮೇಲಂಚು ಮೊಣಕಾಲಿನ ಕೆಳಗೆ ಉಜ್ಜಿ ಚರ್ಮ ತರಚಿತು. ಅದನ್ನು ಬಿಟ್ಟರೆ ತೊಂದರೆಯಿರಲಿಲ್ಲ. ಹಾ, ಇನ್ನೊಂದು: ಪ್ಲಾಸ್ಟರಿನ ಕಾಲು ಎತ್ತರವಾಗಿ ಅಪ್ಪ ಓಲಾಡುತ್ತಿದ್ದ. ಎಡಗಾಲಿನ ಚಪ್ಪಲಿಗೆ ಚಮ್ಮಾರರಿಂದ ಒಂದು ಪದರ ರಬ್ಬರ್ ಹೊಡೆಸಬೇಕಾಯಿತು.

ಚೌಕಗಳು ಮಾತಾಡತೊಡಗಿದವು. ಹತ್ತನೆಯ ದಿನ 280. ಇಪ್ಪತ್ತನಾಲ್ಕನೆಯ ದಿನ 110. ಮೂವತ್ತೆಂಟಕ್ಕೆ 15. ಅಪ್ಪ ಪುಸ್ತಕದಲ್ಲಿ ಇದನ್ನು ನೇಯ್ಗೆಯ ಕೂಲಿಯ ಪಕ್ಕದಲ್ಲೇ ಬರೆಯುತ್ತಿದ್ದ.

ನೇಯ್ಗೆಯ ಕೂಲಿ ಇರಲಿಲ್ಲ ಎನ್ನಿ. ಸುಮ್ಮನೆ ಕೂಡಲಾರದೆ ನೆರೆಯ ಮಗ್ಗಗಳಿಗೆ ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತಿಕೊಡಲು ಶುರು ಮಾಡಿದ. ದಿನಕ್ಕೆ 70 ರೂಪಾಯಿ. ಮೊದಲ ದಿನದ ಎಪ್ಪತ್ತನ್ನು ಪುಸ್ತಕದಲ್ಲಿ ಬರೆಯುವಾಗ ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ‘ನಲವತ್ತು ವರ್ಷ ನಿಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿದ್ದೇನೆ. ನನ್ನ ಕೂಲಿ ಯಾವ ಹಾಳೆಯಲ್ಲಿದೆ?’ ಎಂದಳು. ತಮಾಷೆಗೆ ಹೇಳಿದಳೋ ನಿಜವಾಗಿಯೋ ನನಗೆ ತಿಳಿಯಲಿಲ್ಲ. ಅಪ್ಪನಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ, ಪೆನ್ನು ಹಾಗೆಯೇ ನಿಂತಿತ್ತು.

ಅವಳ ಮಾತು ನನಗೂ ತಾಗಿತು. ಮೊದಲ ಏಳು ವಾರ ಅವನ ಜೊತೆ ದವಾಖಾನೆಯ ಬೆಂಚಿನ ಮೇಲೆ ದಿನಕ್ಕೆ ಎರಡು ತಾಸು ಕುಳಿತವಳು ಅವ್ವ: 98 ತಾಸು. ನಂತರ ಕಟ್ಟು ಬದಲಿಸಿದವಳು, ನೀರು ಕಾಯಿಸಿದವಳು, ಬಸ್ಸು ಹತ್ತಿಸಿದವಳು, ರಾತ್ರಿ ಬಚ್ಚಲಿಗೆ ಕೈ ಹಿಡಿದು ಕರೆದೊಯ್ದವಳು ಅವಳೇ. ‘ಮನೆಯಲ್ಲೇ ಕಟ್ಟಿಕೊಂಡರೆ ಖರ್ಚು ಉಳಿಯುತ್ತದೆ’ ಎಂದು ನಾನು ವಾರ್ಡಿನಲ್ಲಿ ರೋಗಿಗಳಿಗೆ ಹೇಳುತ್ತಲೇ ಇರುತ್ತೇನೆ. ಉಳಿಯುವುದಿಲ್ಲ, ಯಾವುದೋ ಹೆಂಗಸಿನ ತಲೆಗೆ ಹೋಗುತ್ತದೆ. ಕಡಿಮೆ ಖರ್ಚಿನ ಆರೈಕೆಯೆಂದು ನಮಗೆ ತರಬೇತಿಯಲ್ಲಿ ತೋರಿಸಿದ ಪಟ್ಟಿಗಳಲ್ಲಿ ಈ ಸಾಲನ್ನು ನಾನು ಕಂಡಿಲ್ಲ.

ನಲವತ್ತೈದನೆಯ ದಿನ, ಹೊಸ ವರ್ಷದ ಹೊತ್ತಿಗೆ, ಕೊನೆಯ ಪ್ಲಾಸ್ಟರ್ ಬಿಚ್ಚಿದಾಗ ಗಾಯದ ಜಾಗದಲ್ಲಿ ಗುಲಾಬಿ ಬಣ್ಣದ ತೆಳು ಚರ್ಮವಿತ್ತು. ಅಪ್ಪ ಪ್ಲಾಸ್ಟಿಕ್ ಹಾಳೆ ಕೇಳಿದ. ‘ಎಣಿಸುವುದಕ್ಕೆ ಏನೂ ಇಲ್ಲ’ ಎಂದೆ. ಆದರೂ ಸೊನ್ನೆ ಬರೆದ.

ಮನೆಗೆ ಬಂದು ಮೂರೂ ಸರದಿಯನ್ನು ಕೂಡಿಸಿದ. ಪೆರಾಕ್ಸೈಡಿನ ಏಳು ವಾರ 13,945. ನನ್ನ ಫೋಮಿನ ನಾಲ್ಕು ವಾರ 7,200. ಪ್ಲಾಸ್ಟರಿನ ಆರೂವರೆ ವಾರಕ್ಕೆ ಕೈಯಿಂದ ಹೋದದ್ದು 9,060, ಕಂಡಿಕೆಯ 2,800 ಕಳೆದು ಕೂಲಿಯ ನಷ್ಟ 8,450, ಎರಡೂ ಸೇರಿ 17,510. ವಾರದ ಲೆಕ್ಕದಲ್ಲಿ ನೋಡಿದರೆ ಪ್ಲಾಸ್ಟರೇ ಎಲ್ಲಕ್ಕಿಂತ ದುಬಾರಿ, ವಾರಕ್ಕೆ ಸುಮಾರು 2,700. ಫೋಮ್ 1,800. ಯಾರಾದರೂ ಮೊದಲ ದಿನವೇ ಮೂರು ದರ ಹೇಳಿ ಆರಿಸಿಕೋ ಎಂದಿದ್ದರೆ ಅಪ್ಪ ಪ್ಲಾಸ್ಟರನ್ನು ಖಂಡಿತ ಆರಿಸುತ್ತಿರಲಿಲ್ಲ. ಈಗ ಅವನು ಬೇರೆ ಥರ ಬರೆದ. ಖಣಕ್ಕೆ ಕೂಲಿ ಕೊಡುವುದು ಇಳಿಸಿದ ಖಣಕ್ಕೆ, ಮಗ್ಗದಲ್ಲಿ ಕುಳಿತ ದಿನಕ್ಕಲ್ಲ. ಹಾಗೆಯೇ ‘ಇಳಿದ ಗಾಯ’ ಎಂದು ಒಂದು ಕಲಮು ಮಾಡಿದ. ಮೊದಲ ಎರಡು ಸರದಿಯ ಎದುರು ಸೊನ್ನೆ, ಮೂರನೆಯದರ ಎದುರು ಒಂದು. ‘21,145 ನೀರಿಗೆ ಹೋಯಿತು ನೋಡವ್ವಾ’ ಎಂದ. ವಾಸಿಯಾದ ಒಂದು ಗಾಯಕ್ಕೆ ತಗಲಿದ ಖರ್ಚು ಎಂದು ನಾವು ಓದಿದ ಪಾಠವನ್ನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಎರಡು ಗೆರೆ ಎಳೆದು ಮುಗಿಸಿದ್ದ.

ಸಕ್ಕರೆ ಕಾಯಿಲೆಯವರ ಪಾದದ ಗಾಯ ಮಾಯ್ದ ಮೇಲೆ ಸುಮಾರು 40 ಶೇಕಡಾ ಜನರಿಗೆ ವರ್ಷದೊಳಗೆ ಮರಳುತ್ತದೆ. ಹಾಗಾಗಿ ಮುಂದಿನ ಜಗಳ ಚಪ್ಪಲಿಯದು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದೆ. ಇದೂ ಕುಷ್ಠರೋಗಿಗಳ ಆರೈಕೆಯಿಂದ ಬಂದದ್ದೇ. ಮನೆಯಲ್ಲಿ, ಓಣಿಯಲ್ಲಿ ಹಾಕಿಕೊಂಡ. ಮಗ್ಗದ ಕುಣಿಯ ಹತ್ತಿರ ಬಂದಾಗ ಬಿಟ್ಟುಬಿಟ್ಟ. ಮಹಾನವಮಿಗೆ ಪೂಜೆಗೊಳ್ಳುವ ಮಗ್ಗದೊಳಗೆ ಚಪ್ಪಲಿ ಕಾಲಿಡುವುದು ಅವನ ಜೀವಮಾನದಲ್ಲಿ ಆಗದ ಮಾತು. ನಾನು ವಾದಿಸಿದೆ, ಬೇಡಿಕೊಂಡೆ. ಉಪಾಯ ಹೇಳಿದ್ದು ಆ ಚಮ್ಮಾರರು. ಕಾಲಿಗೆ ಬೇಡವೆಂದರೆ ಹಲಗೆಗೇ ಹಾಕೋಣ ಎಂದು, ಉಳಿದ ರಬ್ಬರಿನ ಹಾಳೆಯನ್ನು ತುಳಿಯುವ ಹಲಗೆಯ ಅಗಲಕ್ಕೆ ಕತ್ತರಿಸಿ, ಅಂಚು ಮಡಚಿ, ಮೊಳೆ ತಾಗದಂತೆ ಅಡಿಗೆ ಬಡಿದರು. ಕಾಲಿಗೆ ದಪ್ಪ ಕಾಲುಚೀಲ. 180 ರೂಪಾಯಿ. ಅಪ್ಪ ಅದನ್ನು ‘ಕಾಲು’ ಹಾಳೆಯಲ್ಲಿ ಬರೆಯದೆ ಮಗ್ಗದ ರಿಪೇರಿ ಖರ್ಚಿನಲ್ಲಿ ಬರೆದಿದ್ದಾನೆ.

ದಿನಾ ರಾತ್ರಿ ಮಲಗುವ ಮುಂಚೆ ಅವ್ವ ಮೊಬೈಲಿನ ಬೆಳಕು ಹಿಡಿದು ಎರಡೂ ಅಂಗಾಲು ನೋಡುತ್ತಾಳೆ. ಕಳೆದ ಮಂಗಳವಾರ ಫೋನ್ ಮಾಡಿದ್ದಳು. ಬಲಗಾಲು ಸರಿಯಿದೆ, ಎಡಗಾಲಿನಲ್ಲಿ ಅದೇ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಜಡ್ಡುಗಟ್ಟಿದೆಯಂತೆ. ನೋವಿದೆಯೇ ಎಂದು ಕೇಳಲಿಲ್ಲ. ಭಾನುವಾರ ರಜೆ ಇದೆ. ಬ್ಲೇಡು, ಸಲೈನು, ಒಂದು ಗ್ರಾಫ್ ಹಾಳೆ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.